ಒತ್ತು ಕೇಳಿದವರು, ಒತ್ತಿ ಹೇಳಿದವರು

ಒಂದು ವಿದ್ಯೆಯನ್ನು ಹೊಟ್ಟೆಪಾಡಿಗಲ್ಲದೆ ಬರಿಯ ಅಕ್ಕರೆಯಿಂದ ಹಿಡಿದವರ ಕೂಟ ಎಲ್ಲಿ ಸೇರಿದರೂ ಅಲ್ಲಿ ಎರಡು ಪಂಗಡಗಳು ತಾವಾಗಿಯೇ ಏರ್ಪಡುತ್ತವೆ: ಒಂದು, ಇವತ್ತು ಕಲಿಯಲು ಬಂದವರದು, ಇನ್ನೊಂದು, ನಿನ್ನೆ ಕಲಿತು ಮುಗಿಸಿದವರದು. ಇವರ ನಡುವಿನ ಅಂತರ ಕೆಲವೊಮ್ಮೆ ನಿಜವಾಗಿಯೂ ಒಂದೇ ದಿನದ್ದಾಗಿದ್ದರೂ, ನಿನ್ನೆ ಕಲಿತವನು ಆ ವಿದ್ಯೆಯನ್ನು ಕರ್ಣನ ಕವಚದ ಹಾಗೆ ಮೈಗಂಟಿಸಿಕೊಂಡೇ ಹುಟ್ಟಿದವನಂತೆ ಮಾತನಾಡುತ್ತಾನೆ. ಗಣಕಯಂತ್ರವನ್ನು, ಎಂದರೆ ಕಂಪ್ಯೂಟರನ್ನು, ಹವ್ಯಾಸವಾಗಿ ಹಿಡಿದವರು ಅಂತರಜಾಲದಲ್ಲಿ ಒಬ್ಬರಿಗೊಬ್ಬರು ನೆರವಾಗಲು ಕಟ್ಟಿಕೊಂಡ ಕೂಟಗಳಲ್ಲಿ ಈ ಲಕ್ಷಣ ಎದ್ದು ಕಾಣುತ್ತದೆಯಾದರೂ, ಇದನ್ನು ಕಂಪ್ಯೂಟರಿನ ಜೊತೆಗೆ ಬಂದ ಜಾಡ್ಯವೆಂದು ತಿಳಿಯುವುದು ತಪ್ಪು. ಗದಗ ಸೀಮೆಯ ಮಟ್ಟಿಗಂತೂ ಇದಕ್ಕೆ ಸಾವಿರ ವರ್ಷ ಮೀರಿದ ಸಾಹಿತ್ಯಾಧಾರಗಳು ದೊರೆಯುತ್ತವೆ.

ಸುಮಾರು 850ರ ಹೊತ್ತಿಗೆ ರಚಿತವಾದ ‘ಕವಿರಾಜಮಾರ್ಗ’ವು ಕನ್ನಡದ ತಿರುಳು ಯಾವ ಊರುಗಳ ನಡುವೆ ಇದೆಯೆಂದು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು, ಮತ್ತು ಆ ಪುಲಿಗೆರೆಯೇ ಗದಗ ಸೀಮೆಯ ಇಂದಿನ ಲಕ್ಷ್ಮೇಶ್ವರ. ಅದೇ ಗ್ರಂಥ, ಓದುಬರಹ ಕಲಿಯದೆಯೂ ಕಾವ್ಯದಲ್ಲಿ ನುರಿತ ಜನ ಈ ನಾಡಿನವರೆಂದು ಹೊಸಬರ ಬೆನ್ನು ತಟ್ಟಿ, ಅನಂತರ ಪುಟಗಟ್ಟಲೆ ದೋಷಗಳ ಪಟ್ಟಿ ಕೊಟ್ಟು, ಸಂಸ್ಕೃತವನ್ನೂ ಕನ್ನಡವನ್ನೂ ಕೂಡಬಾರದ ಕಡೆ ಕೂಡಿಸಿದರೆ ಕಾದ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆಂದು ಎಚ್ಚರಿಸುತ್ತದೆ. ‘ಯಾರು ಬೇಕಾದರೂ ಬನ್ನಿ’ ಎಂದು ಬಾಗಿಲಲ್ಲಿ ಬರೆದು, ಒಳಗೆ ಬಂದವನ ಕೈಗೆ ನಿಯಮಾವಳಿ ಕೊಡುವ ಪದ್ಧತಿ ಹೀಗೆ ಕನ್ನಡದ ಮೊದಲ ಉಪಲಬ್ಧ ಗ್ರಂಥದಲ್ಲೇ ನೆಲೆಗೊಂಡಿದೆ. ಮುಂದಿನ ಕವಿಗಳು ಇದಕ್ಕೊಂದು ಕಟ್ಟಳೆಯನ್ನೇ ಮಾಡಿ, ಕಾವ್ಯದ ಆರಂಭದಲ್ಲಿ ದೇವರಿಗೆ ಕೈಮುಗಿದಾದ ಮೇಲೆ ‘ಕುಕವಿನಿಂದೆ’ ಎಂಬ ಹೆಸರಿನಲ್ಲಿ, ಬರೆಯಲು ಬಾರದೆ ಬರೆಯುವವರನ್ನು ವಿಧಿಪೂರ್ವಕವಾಗಿ ಬೈದು ಮುಂದೆ ಹೋದರು. ಬೈಗುಳಕ್ಕೆ ಛಂದಸ್ಸು ಇದ್ದುದಷ್ಟೇ ಆ ಕಾಲಕ್ಕೂ ಈ ಕಾಲಕ್ಕೂ ಇರುವ ವ್ಯತ್ಯಾಸ.

ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಳಿತು ಭಾರತವನ್ನು ಬರೆದನೆಂದು ಪ್ರತೀತಿಯಿರುವ ಕುಮಾರವ್ಯಾಸನಂತೂ ಪರಿಣತರ ಪರಂಪರೆಗೆ ಕಲಶವಿಟ್ಟವನು. ತಾನು ಹಲಗೆ ಬಳಪ ಹಿಡಿದು ಕರಡು ಮಾಡಿದವನಲ್ಲ, ಇಟ್ಟ ಪದವನ್ನು ಅಳಿಸಿದವನಲ್ಲ ಎಂಬ ಅರ್ಥದಲ್ಲಿ ಅವನು ಹೇಳಿಕೊಂಡಿರುವುದನ್ನು ಇಂದಿನ ಪರಿಭಾಷೆಗೆ ತಂದರೆ, ಬರೆದದ್ದನ್ನು ಹಿಂದಿನಿಂದ ಅಳಿಸುತ್ತ ಬರುವ ಬ್ಯಾಕ್‌ಸ್ಪೇಸ್ ಎಂಬ ಕೀಲಿಯ ಅಗತ್ಯವೇ ಅವನಿಗೆ ಬೀಳಲಿಲ್ಲವೆಂದಾಗುತ್ತದೆ. ಒದ್ದೆ ಬಟ್ಟೆ ಮೈಮೇಲೆ ಆರುವವರೆಗೆ ಮಾತ್ರ ಬರೆಯುತ್ತಿದ್ದನೆಂಬ ಐತಿಹ್ಯವನ್ನು ನಂಬುವುದಾದರೆ ಬ್ಯಾಟರಿ ಮುಗಿಯುವುದರೊಳಗೆ ಕೆಲಸ ಮುಗಿಸುವ ಅಭ್ಯಾಸವೂ ಅವನಿಗಿತ್ತು. ರಾಮಾಯಣ ಬರೆದ ಕವಿಗಳ ಭಾರಕ್ಕೆ ಭೂಮಿ ಹೊತ್ತ ಆದಿಶೇಷನೇ ತಿಣುಕಿದನೆಂಬ ಅವನ ಮಾತಿನಲ್ಲಿ ಇಂದಿನ ಪರಿಣತರು ದಿನಕ್ಕೆ ಹತ್ತು ಸಲ ಹೇಳುವ ಉತ್ತರದ ಬೀಜವಿದೆ: ‘ಈ ವಿಷಯ ಈಗಾಗಲೇ ಬಹಳ ಸಲ ಆಗಿಹೋಗಿದೆ, ಹಳೆಯದನ್ನು ಹುಡುಕಿ ನೋಡಿ.’

ಗದಗ ತಾಲ್ಲೂಕಿನದೇ ಆದ ಲಕ್ಕುಂಡಿಯಲ್ಲಿ ಇದಕ್ಕೆ ಪ್ರತಿಯಾದ ಸಾಕ್ಷ್ಯವೂ ಇದೆಯೆಂಬುದನ್ನು ನ್ಯಾಯದೃಷ್ಟಿಯಿಂದ ದಾಖಲಿಸಬೇಕಾಗುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆ ಅಲ್ಲಿ ಬಸದಿ ಕಟ್ಟಿಸಿದಳು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಓಲೆಗರಿಯ ಮೇಲೆ ಮಾಡಿಸಿ ಹಂಚಿದಳೆಂಬುದೂ ಪ್ರಸಿದ್ಧ. ತಂತ್ರಾಂಶವನ್ನು, ಎಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಬರಹವನ್ನು, ಬೆಲೆಯಿಲ್ಲದೆ ನಕಲು ಮಾಡಿ ಹಂಚುವ ಇಂದಿನ ಮುಕ್ತ ತಂತ್ರಾಂಶದವರು ಅವಳ ಪಟವನ್ನು ಗೋಡೆಗೆ ಹಾಕಿಕೊಳ್ಳದಿರುವುದು ಆಶ್ಚರ್ಯವೇ ಸರಿ. ಅವಳ ಆಶ್ರಯ ಪಡೆದ ರನ್ನನು ತನ್ನ ಕೃತಿಯನ್ನು ಪರೀಕ್ಷಿಸುವವನಿಗೆ ಎಂಟೆದೆ ಬೇಕೆಂಬ ಧಾಟಿಯಲ್ಲಿ ಮಾತನಾಡಿದನೆಂಬುದನ್ನೂ ಇದರೊಡನೆ ನೆನೆದರೆ, ಬೆಲೆಯಿಲ್ಲದೆ ಹಂಚುವವರು ಮತ್ತು ಗದರುವವರು ಒಂದೇ ಸೂರಿನಡಿ ಇರುವ ವ್ಯವಸ್ಥೆಯೂ ಹೊಸದಲ್ಲವೆಂದು ತಿಳಿಯುತ್ತದೆ.

ಈ ಪೂರ್ವಪೀಠಿಕೆಯ ಅನಂತರ ಪ್ರಸ್ತುತಕ್ಕೆ ಬರಬಹುದು. ಗದಗ-ಬೆಟಗೇರಿ ಅವಳಿ ನಗರದಲ್ಲಿ ಕಂಪ್ಯೂಟರೆಂದರೆ ಮೊದಲಿಗೆ ಅಚ್ಚಿನ ಕೆಲಸ. ಏಕೆಂದರೆ ಪಂಚಾಂಗ, ಕ್ಯಾಲೆಂಡರ್, ನಾಟಕದ ಪುಸ್ತಕ, ಶಾಲೆಯ ಪಟ್ಟಿ, ಲಗ್ನಪತ್ರಿಕೆಗಳನ್ನು ತಲೆಮಾರುಗಳಿಂದ ಅಚ್ಚು ಹಾಕುತ್ತ ಬಂದ ಗದಗಿಗೆ ‘ಮುದ್ರಣ ಕಾಶಿ’ ಎಂಬ ಬಿರುದೇ ಇದೆ. ಸೀಸದ ಅಚ್ಚುಮೊಳೆಗಳ ಕಾಲ ಮುಗಿದು ಡಿಟಿಪಿ, ಎಂದರೆ ಮೇಜಿನ ಮೇಲಿನ ಕಂಪ್ಯೂಟರಿನಲ್ಲೇ ಪುಟ ಕಟ್ಟುವ ವಿಧಾನ, ಬಂದಾಗ ಇಲ್ಲಿಯ ಕೆಲಸಗಾರರು ಪೇಜ್‌ಮೇಕರ್, ಕೋರಲ್‌ಡ್ರಾ ಎಂಬ ತಂತ್ರಾಂಶಗಳಲ್ಲಿ ಕನ್ನಡವನ್ನು ಕೂಡಿಸಲು ಕಲಿತರು. ಕನ್ನಡವನ್ನು ಅವುಗಳ ಒಳಗೆ ಕೂಡಿಸಿದ ಉಪಾಯವಾದರೋ ಸೂಕ್ಷ್ಮವಾದದ್ದು, ಮತ್ತು ಮುಂದಿನ ಎಲ್ಲ ಜಗಳಗಳ ಮೂಲ ಅಲ್ಲಿಯೇ ಇರುವುದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯ.

ಕಂಪ್ಯೂಟರು ಅಕ್ಷರಗಳನ್ನು ಅಂಕೆಗಳಾಗಿ ಇಟ್ಟುಕೊಳ್ಳುತ್ತದೆ. ಯಾವ ಅಕ್ಷರಕ್ಕೆ ಯಾವ ಅಂಕೆ ಎಂಬುದನ್ನು ಅಮೆರಿಕದವರು 1963ರಲ್ಲಿ ಆಸ್ಕಿ ಎಂಬ ಸಂಕೇತಪಟ್ಟಿಯಲ್ಲಿ ಗೊತ್ತುಮಾಡಿದಾಗ ಅದರಲ್ಲಿದ್ದುದು 128 ಮನೆಗಳು ಮಾತ್ರ. ಮುಂದೆ ಆ ಮನೆಗಳು 256ಕ್ಕೆ ಏರಿದರೂ ಬಂದು ನೆಲಸಿದವರು ಯುರೋಪಿನ ಅಕ್ಷರಗಳೇ. ಕನ್ನಡಕ್ಕೆ ಸ್ವಂತ ಮನೆ ಇಲ್ಲದ ಆ ಕಾಲದಲ್ಲಿ ಫಾಂಟ್ ತಯಾರಿಸುವವರು, ಎಂದರೆ ಅಕ್ಷರಗಳ ಆಕಾರ ಕೊರೆಯುವವರು, ಇಂಗ್ಲಿಷಿನವರ ಮನೆಗಳಲ್ಲೇ ಕನ್ನಡದ ತುಣುಕುಗಳನ್ನು ಬಾಡಿಗೆಗೆ ಇಟ್ಟರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ‘ಕನ್ನಡ’ ಎಂದು ಬರೆದರೆ ಯಂತ್ರದ ಒಳಗೆ ‘ಕ’ ಇರುವುದು ‘ಪಿ’ ಎಂಬ ದೊಡ್ಡಕ್ಷರದ ಮನೆಯಲ್ಲಿ. ‘ನ’ ಇರುವುದು ಬ್ರಿಟಿಷರ ಪೌಂಡ್ ನಾಣ್ಯದ ಗುರುತಿನ ಮನೆಯಲ್ಲಿ. ‘ನ’ಕಾರದ ಒತ್ತಂತೂ ಜರ್ಮನರ ಅಕ್ಷರವೊಂದರ ಮನೆಯಲ್ಲಿ. ಫಾಂಟ್ ಇದ್ದರೆ ಎಲ್ಲವೂ ಸೊಗಸು. ಫಾಂಟ್ ಇಲ್ಲದ ಯಂತ್ರಕ್ಕೆ ಅದೇ ಕಡತವನ್ನು ಕಳುಹಿಸಿದರೆ, ‘ಶ್ರೀ ವೀರನಾರಾಯಣ ಪ್ರಸನ್ನ’ ಎಂದು ಆರಂಭವಾಗುವ ಲಗ್ನಪತ್ರಿಕೆಯೊಂದು ದಿವಾಳಿಯೆದ್ದ ಲಂಡನ್ನಿನ ಬ್ಯಾಂಕಿನ ಲೆಕ್ಕಪುಸ್ತಕದಂತೆ ತೆರೆದುಕೊಳ್ಳುತ್ತದೆ.

1991ರಲ್ಲಿ ಹೊರಬಂದ ಯುನಿಕೋಡ್ ಎಂಬ ಜಾಗತಿಕ ಸಂಕೇತಪಟ್ಟಿಯು ಈ ಬಾಡಿಗೆಯ ಬಾಳನ್ನು ಮುಗಿಸಿ ಕನ್ನಡಕ್ಕೆ 128 ಮನೆಗಳ ಸ್ವಂತ ಓಣಿಯನ್ನೇ ಕೊಟ್ಟಿತು. ಅಲ್ಲಿ ‘ಕ’ ಎಂದರೆ ಎಲ್ಲ ಯಂತ್ರಗಳಲ್ಲಿಯೂ ‘ಕ’ವೇ. ಪರಿಣತರು ಸಹಜವಾಗಿಯೇ ಓಣಿಗೆ ವಾಸ ಬದಲಿಸಿದರು. ಅಚ್ಚಿನ ಅಂಗಡಿಗಳು ಬದಲಿಸಲಿಲ್ಲ. ಅವರ ಪೇಜ್‌ಮೇಕರಿನ ಕೊನೆಯ ಆವೃತ್ತಿ 2001ರಲ್ಲಿ ಬಂದು ನಿಂತುಹೋಗಿತ್ತು ಮತ್ತು ಅದಕ್ಕೆ ಯುನಿಕೋಡಿನ ಕನ್ನಡವನ್ನು ಜೋಡಿಸುವ ವಿದ್ಯೆ ತಿಳಿದಿರಲಿಲ್ಲ. ಹೀಗೆ ಒಂದೇ ಭಾಷೆಯನ್ನು ಒಂದೇ ಲಿಪಿಯಲ್ಲಿ ಬರೆಯುವ ಎರಡು ಜನಾಂಗಗಳು ಹುಟ್ಟಿ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಲಾರದ ಸ್ಥಿತಿ ಒದಗಿತು. ಬೇರೆ ಭಾಷೆಗಳವರು ಇದಕ್ಕಾಗಿ ಎರಡು ಲಿಪಿಗಳನ್ನು ಕಲ್ಪಿಸಿಕೊಳ್ಳಬೇಕಾಗುತ್ತಿತ್ತು.

ಈಗ ಮುಂಡರಗಿಯ ಕಡೆಯ ಒಬ್ಬ ತರುಣನು, ಊರ ಜಾತ್ರೆಯ ಕರಪತ್ರವನ್ನು ತಾನೇ ಬರೆದು ಮುಗಿಸಬೇಕೆಂಬ ಹುಮ್ಮಸ್ಸಿನಿಂದ, ಬಲ್ಲವರಿರುವ ಕೂಟದಲ್ಲಿ ರಾತ್ರಿ ಹತ್ತು ಗಂಟೆಗೆ ಒಂದು ಪ್ರಶ್ನೆ ಕೇಳುತ್ತಾನೆಂದು ಭಾವಿಸಬಹುದು. ಪ್ರಶ್ನೆ ಇಷ್ಟೇ ಇರುತ್ತದೆ: “ಸರ, ಒತ್ತು ಹೆಂಗ ಕೊಡಬೇಕ್ರಿ? ಲಗೂನ ಹೇಳ್ರಿ, ಅರ್ಜೆಂಟ್ ಐತ್ರಿ.” ಇದಕ್ಕೆ ಉತ್ತರವೂ ಇಷ್ಟೇ: ‘ಎಫ್ ಒತ್ತಿ.’ ಕೆ. ಪಿ. ರಾವ್ ಅವರು ರೂಪಿಸಿದ, ‘ನುಡಿ’ಯೂ ಬಳಸುವ ಕೀಲಿಮಣೆ ವಿನ್ಯಾಸದಲ್ಲಿ, ಎಂದರೆ ಯಾವ ಕೀಲಿಗೆ ಯಾವ ಅಕ್ಷರ ಎಂಬ ಹಂಚಿಕೆಯಲ್ಲಿ, ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ನಡುವೆ ಎಫ್ ಕೀಲಿಯನ್ನು ಒತ್ತಿದರೆ ಎರಡನೆಯದು ಮೊದಲನೆಯದರ ಕಾಲಡಿಗೆ ಇಳಿದು ಒತ್ತಕ್ಷರವಾಗುತ್ತದೆ, ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂಬ ಐದೇ ಒತ್ತುಗಳಲ್ಲಿ ‘ಕನ್ನಡ’ ಮೂಡುತ್ತದೆ. ಆ ಎರಡು ಪದಗಳ ಉತ್ತರ ಮಾತ್ರ ಆ ತರುಣನಿಗೆ ಆ ರಾತ್ರಿ ದೊರೆಯುವುದಿಲ್ಲ.

ಮೊದಲು ಬರುವುದು ಮರುಪ್ರಶ್ನೆಗಳ ಸಾಲು. ಯಾವ ವಿಂಡೋಸ್, ಯಾವ ತಂತ್ರಾಂಶ, ಯಾವ ಆವೃತ್ತಿ, ಯಾವ ವಿನ್ಯಾಸ, ಆಸ್ಕಿಯೋ ಯುನಿಕೋಡೋ ಎಂದು ಪರಿಣತನು ಕೇಳುವುದು ವೈದ್ಯನು ನಾಡಿ ಹಿಡಿದಂತೆಯೇ ನ್ಯಾಯವಾದದ್ದು. ಹೊಸಬನು ಅದಕ್ಕೆ ಪ್ರತಿಯಾಗಿ ತನ್ನ ಕಂಪ್ಯೂಟರಿನ ಪರದೆಯನ್ನು ಮೊಬೈಲಿನಿಂದ ಓರೆಯಾಗಿ ಚಿತ್ರ ತೆಗೆದು ಕಳುಹಿಸುತ್ತಾನೆ. ಚಿತ್ರದಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ, ಅರ್ಧ ಕುಡಿದ ಚಹಾದ ಲೋಟ ಮತ್ತು ಗೋಡೆಯ ಕ್ಯಾಲೆಂಡರಿನ ಲಕ್ಷ್ಮಿ ಸ್ಪಷ್ಟವಾಗಿ ಕಾಣುತ್ತಾರೆ, ಬೇಕಾದ ಸಾಲು ಕಾಣುವುದಿಲ್ಲ. “ವರ್ಷನ್ ಯಾವುದು?” ಎಂಬ ಪ್ರಶ್ನೆಗೆ “ಹೋದ ವರ್ಷದ್ದು ಅಲ್ರಿ, ಈ ವರ್ಷನ ಹಾಕಿಸೀವ್ರಿ” ಎಂಬ ಉತ್ತರ ಬಂದರೆ ಆಶ್ಚರ್ಯಪಡಬೇಕಾಗಿಲ್ಲ. ಪರಿಣತನ ಸಹನೆ ಇಲ್ಲಿ ಒಂದು ಮೆಟ್ಟಿಲು ಇಳಿಯುತ್ತದೆ.

ಅಷ್ಟರಲ್ಲಿ ಕೂಟದ ಇತರ ಬಲ್ಲವರು ನಿದ್ದೆಯಿಂದ ಎದ್ದು ಬಂದಿರುತ್ತಾರೆ. ಇವರಲ್ಲಿ ಮೂರು ಮತಗಳು. ಮೊದಲನೆಯವರು ಎಫ್ ಕೀಲಿಯ ಪಕ್ಷ. ಎರಡನೆಯವರು ಭಾರತದ ಎಲ್ಲ ಲಿಪಿಗಳಿಗೂ ಒಂದೇ ಹಂಚಿಕೆಯಿರುವ ಇನ್‌ಸ್ಕ್ರಿಪ್ಟ್ ವಿನ್ಯಾಸದವರು. ಇವರಲ್ಲಿ ಒತ್ತಿಗೆ ಡಿ ಕೀಲಿಯೇ ಪ್ರಮಾಣ. ಮೂರನೆಯವರು 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’ ತಂತ್ರಾಂಶದ ಹಾದಿಯಲ್ಲಿ, ಇಂಗ್ಲಿಷಿನಲ್ಲಿ ಉಚ್ಚಾರದಂತೆ ಬರೆದರೆ ಯಂತ್ರವೇ ಕನ್ನಡಕ್ಕೆ ತಿರುಗಿಸುವ ಲಿಪ್ಯಂತರದವರು, ಇವರ ಪ್ರಕಾರ ಒತ್ತೆಂಬುದೇ ಮಾಯೆ, ಒಂದೇ ಅಕ್ಷರವನ್ನು ಎರಡು ಸಲ ಒತ್ತಿದರೆ ಸಾಕು. ಶಿರಹಟ್ಟಿಯ ಫಕೀರೇಶ್ವರ ಮಠವು ಹಿಂದೂ ಮುಸ್ಲಿಂ ಎರಡೂ ಸಂಪ್ರದಾಯಗಳನ್ನು ಒಂದೇ ಗದ್ದುಗೆಯ ಮೇಲೆ ಕೂಡಿಸಿ ಭಾವೈಕ್ಯದ ಹೆಸರು ಪಡೆದಿದೆ. ಕನ್ನಡದ ಮೂರು ಕೀಲಿಮಣೆಗಳನ್ನು ಒಂದು ಮೇಜಿನ ಮೇಲೆ ಕೂಡಿಸುವ ಸ್ವಾಮಿಗಳು ಇನ್ನೂ ಅವತರಿಸಿಲ್ಲ. ಮಧ್ಯರಾತ್ರಿಯ ಹೊತ್ತಿಗೆ ಚರ್ಚೆಯು ಆಸ್ಕಿಯನ್ನು ಇನ್ನೂ ಬಳಸುವವರು ಭಾಷೆಗೆ ಬಗೆಯುವ ದ್ರೋಹದ ಕಡೆಗೆ ಹೊರಳಿ, ಕೇಳಿದವನ ಹೆಸರೇ ಎಲ್ಲರಿಗೂ ಮರೆತುಹೋಗಿರುತ್ತದೆ. ಮರುದಿನ ಮುಂಡರಗಿಯ ಜಾತ್ರೆಯ ಕರಪತ್ರದಲ್ಲಿ ‘ಅನ್ನದಾನೀಶ್ವರ’ ಎಂಬುದು ‘ಅನನದಾನೀಶವರ’ ಎಂದು ಅಚ್ಚಾಗಿದ್ದರೆ ಅದಕ್ಕೆ ಹೊಣೆ ಯಾರೆಂಬುದನ್ನು ತೀರ್ಮಾನಿಸುವುದು ಕಷ್ಟ.

ಈ ರೋಗ ಜಗತ್ತಿನದೆಂಬುದು ಸ್ವಲ್ಪ ಸಮಾಧಾನದ ಸಂಗತಿ. ಅಮೆರಿಕದ ಎರಿಕ್ ರೇಮಂಡ್ ಅವರು 2001ರಲ್ಲಿ, ಪರಿಣತರನ್ನು ಜಾಣತನದಿಂದ ಪ್ರಶ್ನೆ ಕೇಳುವುದು ಹೇಗೆಂಬ ಬಗ್ಗೆ ಒಂದು ಕೈಪಿಡಿ ಬರೆದು ಜಾಲಕ್ಕೆ ಹಾಕಿದರು. ಅದು ಎಷ್ಟು ದೀರ್ಘವಾಗಿದೆಯೆಂದರೆ ಅದನ್ನು ಕೊನೆಯವರೆಗೆ ಓದಿ ಅರಗಿಸಿಕೊಳ್ಳಬಲ್ಲವನು ಯಾರಿಗೂ ಪ್ರಶ್ನೆ ಕೇಳಬೇಕಾದ ಸ್ಥಿತಿಯಲ್ಲಿ ಇರುವುದಿಲ್ಲ. ಪ್ರೋಗ್ರಾಮು ಬರೆಯುವವರು ಒಬ್ಬರನ್ನೊಬ್ಬರು ಕೇಳಿ ತಿಳಿಯಲೆಂದು 2008ರಲ್ಲಿ ಆರಂಭವಾದ ಸ್ಟ್ಯಾಕ್ ಓವರ್‌ಫ್ಲೋ ಎಂಬ ತಾಣದವರು, ತಮ್ಮಲ್ಲಿ ಹೊಸಬರಿಗೆ ಆದರ ಸಾಲದೆಂದು ಹತ್ತು ವರ್ಷಗಳ ಅನಂತರ ತಾವೇ ಬಹಿರಂಗವಾಗಿ ಒಪ್ಪಿಕೊಂಡರು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಹೊಸಬರನ್ನು ಕಚ್ಚಬಾರದೆಂಬ ಲಿಖಿತ ಸೂಚನೆಯೇ ಇದೆ. ಕಚ್ಚುವವರಿಲ್ಲದ ಓಣಿಯಲ್ಲಿ ಅಂತಹ ಫಲಕ ಹಾಕುವ ಪ್ರಮೇಯ ಬರುವುದಿಲ್ಲ. 2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯವಂತೂ ತನ್ನ ಚರ್ಚೆಯ ಜಾಗಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರಿಟ್ಟುಕೊಂಡಿತು. ಅರಳಿ ಕಟ್ಟೆಯ ಮೇಲೆ ಮೊದಲು ಬಂದು ಕುಳಿತವರು ಯಾರಿಗೂ ಸರಿದು ಜಾಗ ಕೊಡುವುದಿಲ್ಲವೆಂಬುದು ಹಳ್ಳಿಯಲ್ಲಿ ಬೆಳೆದವರಿಗೆಲ್ಲ ಗೊತ್ತು.

ಜಾಲದ ಚರಿತ್ರಕಾರರು ‘ಮುಗಿಯದ ಸೆಪ್ಟೆಂಬರ್’ ಎಂದೊಂದನ್ನು ಗುರುತಿಸುತ್ತಾರೆ. 1980ರ ದಶಕದಲ್ಲಿ ಯೂಸ್‌ನೆಟ್ ಎಂಬ ಚರ್ಚಾಜಾಲಕ್ಕೆ ಹೊಸಬರು ಬರುತ್ತಿದ್ದುದು ಅಮೆರಿಕದ ವಿಶ್ವವಿದ್ಯಾಲಯಗಳು ಆರಂಭವಾಗುವ ಸೆಪ್ಟೆಂಬರಿನಲ್ಲಿ. ಒಂದು ತಿಂಗಳು ಅವರ ಗಲಾಟೆ ಸಹಿಸಿದರೆ ಅಕ್ಟೋಬರಿನ ಹೊತ್ತಿಗೆ ಅವರೂ ರೀತಿನೀತಿ ಕಲಿತು ಸುಮ್ಮನಾಗುತ್ತಿದ್ದರು. 1993ರಿಂದಾಚೆಗೆ ಮನೆಮನೆಗೂ ಸಂಪರ್ಕ ಸಿಕ್ಕು, ಹೊಸಬರು ವರ್ಷವಿಡೀ ಬರತೊಡಗಿದ್ದರಿಂದ ಆ ಸೆಪ್ಟೆಂಬರ್ ಮುಗಿಯಲೇ ಇಲ್ಲವೆಂಬುದು ಹಳಬರ ಕೊರಗು. ಕನ್ನಡ ನಾಡಿನ ಹಳ್ಳಿಗಳಿಗೆ ಜಾಲವನ್ನು ಅಗ್ಗವಾಗಿ ತಂದ ಜಿಯೋ ಸೇವೆ ಆರಂಭವಾದದ್ದು 2016ರ ಸೆಪ್ಟೆಂಬರ್ 5ರಂದು. ಈ ತಿಂಗಳಿಗೂ ಹೊಸಬರಿಗೂ ಏನು ನಂಟೋ, ಗದುಗಿನ ಪಂಚಾಂಗದವರೇ ನೋಡಿ ಹೇಳಬೇಕು.

ಇಷ್ಟರಿಂದ ಪರಿಣತನನ್ನು ದುರುಳನೆಂದು ಬಗೆದರೆ ಅನ್ಯಾಯವಾಗುತ್ತದೆ. ಅವನು ಸಂಬಳವಿಲ್ಲದವನು. ಹಗಲಿನ ನೌಕರಿ ಮುಗಿಸಿ ಊಟವಾದ ಮೇಲೆ, ಹೆಂಡತಿಯ ಬೇಸರವನ್ನು ಬೆನ್ನಿಗೆ ಹೊತ್ತು ಕುಳಿತು, ಗುರುತು ಪರಿಚಯವಿಲ್ಲದವರ ಒತ್ತುಗಳನ್ನು ತಿದ್ದುವವನು; ಅದೇ ಪ್ರಶ್ನೆಗೆ ಅದೇ ಉತ್ತರವನ್ನು ನೂರನೆಯ ಸಲ ಬರೆಯುವಾಗ, ನೂರಾ ಒಂದನೆಯವನು “ಯಾರೂ ಹೆಲ್ಪ್ ಮಾಡಂಗಿಲ್ಲ ಬಿಡ್ರಿ” ಎಂದು ನಿಟ್ಟುಸಿರು ಬಿಟ್ಟರೆ ಬುದ್ಧನಿಗೂ ಕೈ ತುರಿಸುತ್ತದೆ. ಅಲ್ಲದೆ ಅವನು ಕಲಿತ ಕಾಲದಲ್ಲಿ ಕೇಳಲು ಯಾರೂ ಇರಲಿಲ್ಲ. ಕಷ್ಟಪಟ್ಟು ಬಂದದ್ದನ್ನು ಸುಲಭವಾಗಿ ಕೊಡುವಾಗ ಮನುಷ್ಯನ ಕೈ ಸ್ವಲ್ಪ ಹಿಂದೆ ಸರಿಯುತ್ತದೆ, ಮತ್ತು ಈ ನಾಡಿನಲ್ಲಿ ಹಾಗೆ ಸರಿಯುವುದಕ್ಕೆ ದೊಡ್ಡ ಮೇಲ್ಪಂಕ್ತಿಗಳಿವೆ: ಗದುಗಿನ ಮನೆಯನ್ನು ಹನ್ನೊಂದರ ವಯಸ್ಸಿನಲ್ಲಿ ಬಿಟ್ಟು ಗುರುವನ್ನು ಹುಡುಕುತ್ತ ಉತ್ತರ ದೇಶವನ್ನೆಲ್ಲ ಅಲೆದ ಭೀಮಸೇನ ಜೋಶಿಯವರು ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರಲ್ಲಿ ನೆಲೆನಿಂತಾಗ ಸ್ವರಕ್ಕಿಂತ ಮೊದಲು ನೀರಿನ ಕೊಡ ಹೊತ್ತರು. ಕೊಡ ಹೊತ್ತವರ ನಾಡಿನಲ್ಲಿ ಬೆರಳ ತುದಿಯಿಂದ ‘ಅರ್ಜೆಂಟ್’ ಎಂದು ಒತ್ತುವವನು ಉದ್ಧಟನಾಗಿ ಕಂಡರೆ ಅದು ಸಹಜ.

ಆದರೂ ಆ ಹೋಲಿಕೆಯಲ್ಲಿ ಒಂದು ಕೊರತೆ ಇದೆ, ಮತ್ತು ಈ ಪ್ರಬಂಧಕ್ಕೆ ಹೇಳಲು ಇರುವುದು ಮುಖ್ಯವಾಗಿ ಅದೇ. ಗುರು ಬೈಯುವುದು ಈ ಸೀಮೆಯಲ್ಲಿ ಎಂದೂ ಅಪರೂಪವಾಗಿರಲಿಲ್ಲ. ಅಚ್ಚುಕೂಟಕ್ಕೆ ಹೊಸದಾಗಿ ಸೇರಿದ ಹುಡುಗನು ಮೊದಲು ಮಾಡುತ್ತಿದ್ದ ಕೆಲಸ, ಅಚ್ಚಾದ ಪುಟವನ್ನು ಬಿಚ್ಚಿ ಸೀಸದ ಮೊಳೆಗಳನ್ನು ಕೇಸಿನ, ಎಂದರೆ ನೂರಾರು ಸಣ್ಣ ಮನೆಗಳಿರುವ ಮರದ ತಟ್ಟೆಯ, ಆಯಾ ಮನೆಗೆ ಹಿಂದಿರುಗಿಸುವುದು. ಒಂದು ಒತ್ತು ತಪ್ಪಿದ ಮನೆಗೆ ಬಿದ್ದರೆ ಹಿರಿಯ ಕಂಪೋಸಿಟರನು, ಎಂದರೆ ಮೊಳೆ ಜೋಡಿಸುವವನು, ಅವನ ವಂಶವನ್ನು ನೆನೆಯುತ್ತಿದ್ದ, ಆದರೆ ನೆನೆಯುತ್ತಲೇ ಹುಡುಗನ ಕೈ ಹಿಡಿದು ಸರಿಯಾದ ಮನೆಯ ಮೇಲೆ ತಂದು ಇಡುತ್ತಿದ್ದ. ಬೆಟಗೇರಿಯ ಕುಣಿಮಗ್ಗದಲ್ಲಿ ಎಳೆ ಹರಿದಾಗ ಹಿರಿಯರ ಬಾಯಿಯೂ ಬೆರಳೂ ಒಟ್ಟಿಗೆ ಓಡುತ್ತಿದ್ದವು. ಗಂಟು ಹಾಕಿಯಾಗುವ ಹೊತ್ತಿಗೆ ಬೈಗುಳ ಮುಗಿದು ಹುಡುಗ ಮತ್ತೆ ಕಂಡಿಕೆ ಸುತ್ತಲು ಕೂರುತ್ತಿದ್ದ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಸಂಗೀತ ಕಲಿಸಿದಾಗ ನಡುವೆ ಇದ್ದುದು ಕಿವಿ ಮತ್ತು ಕೈ. ಕನ್ನಡದಲ್ಲಿ ಅಕ್ಷರ ಕಲಿಸುವುದಕ್ಕೇ ‘ಕೈ ಹಿಡಿದು ತಿದ್ದಿಸುವುದು’ ಎಂದು ಹೆಸರು. ಜಾಲದ ಮೂಲಕ ಗುರುವಿನ ಬಾಯಿ ಸಾವಿರಾರು ಮೈಲಿ ದಾಟಿ ಬಂತು, ಕೈ ಬರಲಿಲ್ಲ. ಬೈಗುಳದೊಡನೆ ಸದಾ ಬರುತ್ತಿದ್ದ ಬೆಚ್ಚಗಿನ ಭಾಗ ದಾರಿಯಲ್ಲಿ ಉದುರಿಹೋಗಿ, ಉಳಿದದ್ದು ಅಕ್ಷರರೂಪದಲ್ಲಿ, ಅಳಿಸಲಾಗದಂತೆ, ನೂರು ಜನ ನೋಡುವಂತೆ ನಿಂತುಬಿಟ್ಟಿತು.

(ಮಗ್ಗದ ಮಾತು ಬಂದಾಗ ಒಂದು ಸಂಗತಿಯನ್ನು ಹೇಳದೆ ಹೋಗಲಾಗದು. ಸೀರೆಯ ಅಂಚಿನ ಬುಟ್ಟಾವನ್ನು ತೂತು ಕೊರೆದ ರಟ್ಟುಗಳಿಂದ ನಿರ್ದೇಶಿಸುವ ಜಕಾರ್ಡ್ ಯಂತ್ರವನ್ನು ಫ್ರಾನ್ಸಿನಲ್ಲಿ 1804ರಲ್ಲಿ ರೂಪಿಸಲಾಯಿತು, ಮತ್ತು ಆ ತೂತಿನ ರಟ್ಟೇ ಮುಂದೆ ಕಂಪ್ಯೂಟರಿಗೆ ಕೆಲಸ ಹೇಳುವ ಮೊದಮೊದಲ ಸಾಧನಗಳಲ್ಲಿ ಒಂದಾಯಿತು. ಹಿರಿತನದ ಲೆಕ್ಕ ತೆಗೆದರೆ ಜಗತ್ತಿನ ಎಲ್ಲ ಕಂಪ್ಯೂಟರ್ ಪರಿಣತರೂ ನೇಕಾರರ ಮುಂದೆ ಹೊಸಬರೇ.)

ಗದರುವವನಿಗಿಂತ ಕಷ್ಟದ ಇನ್ನೊಬ್ಬ ಪರಿಣತನಿದ್ದಾನೆ. ಮುಂಡರಗಿ ಶಿರಹಟ್ಟಿ ಸೀಮೆಗೆ ಹಬ್ಬಿರುವ ಕಪ್ಪತಗುಡ್ಡವು ಔಷಧಿಯ ಸಸ್ಯಗಳಿಗೆ ಹೆಸರಾದದ್ದು. ಬೇರಿನ ಹೆಸರನ್ನು ಬಾಯಿಬಿಟ್ಟು ಹೇಳಿದ ಕ್ಷಣವೇ ಅದರ ಗುಣ ಹೋಗುತ್ತದೆಂದು ನಾಟಿವೈದ್ಯರಲ್ಲಿ ಒಂದು ನಂಬಿಕೆ. ಕಂಪ್ಯೂಟರಿನವರಲ್ಲಿಯೂ ಈ ಸಂಪ್ರದಾಯದವರು ಉಂಟು. ತಮ್ಮದೇ ಒಂದು ತೊಡಕನ್ನು ಕೂಟದ ಮುಂದಿಟ್ಟು, ಮೂರು ದಿನ ಎಲ್ಲರ ತಲೆ ತಿಂದು, ನಾಲ್ಕನೆಯ ದಿನ “ಸರಿ ಆತು, ಎಲ್ಲಾರಿಗೂ ಧನ್ಯವಾದ” ಎಂದಷ್ಟೇ ಬರೆದು ಮಾಯವಾಗುತ್ತಾರೆ. ಯಾವ ಬೇರು ಅರೆದು ಹಚ್ಚಿದರೆಂಬುದನ್ನು ಹೇಳುವುದಿಲ್ಲ. ಐದು ವರ್ಷಗಳ ಅನಂತರ ಅದೇ ನೋವಿನಿಂದ ನರಳುತ್ತ ಹುಡುಕಿ ಬಂದವನಿಗೆ ಆ ಒಂದು ಸಾಲು ಸಿಕ್ಕಾಗ ಅವನ ಬಾಯಿಂದ ಬರುವ ಮಾತುಗಳು ಕುಕವಿನಿಂದೆಯ ಛಂದಸ್ಸಿಗೂ ನಿಲುಕವು.

ಕೆಲವೊಮ್ಮೆ ಪರಿಣತನು ಸಹನೆಯಿಂದ ವಿವರಿಸಿದರೂ ಹೊಸಬನಿಗೆ ಅದು ಬೈಗುಳವಾಗಿಯೇ ಕೇಳಿಸುವುದಕ್ಕೆ ವಿಷಯದ ಸ್ವರೂಪವೇ ಕಾರಣ. ಯುನಿಕೋಡಿನಲ್ಲಿ ‘ರ’ಕಾರಕ್ಕೆ ಯಾವ ಒತ್ತು ಕೊಟ್ಟರೂ ಅದು ತಾನಾಗಿಯೇ ಅರ್ಕಾವತ್ತಾಗಿ ಬಲಕ್ಕೆ ಹಾರುತ್ತದೆ, ‘ಸೂರ್ಯ’ನಿಗೆ ಅದು ಶೋಭೆ, ಆದರೆ ಮೆರವಣಿಗೆಯ ಫ್ಲೆಕ್ಸ್ ಬರೆಯುವವನಿಗೆ ಬೇಕಾದ ‘ರ‍್ಯಾಲಿ’ಯಲ್ಲಿ ಪದದ ಮೊದಲಿಗೇ ಅರ್ಕಾವತ್ತು ಬಂದು ಕಣ್ಣಿಗೆ ಚುಚ್ಚುತ್ತದೆ. ಅದನ್ನು ತಡೆಯಲು ‘ರ’ದ ಬೆನ್ನಿಗೆ ಸೊನ್ನೆ ಅಗಲದ ಜೋಡಕವೆಂಬ, ಕಣ್ಣಿಗೆ ಕಾಣದ, ಜಾಗ ಹಿಡಿಯದ, ಸದ್ದಿಲ್ಲದ ಒಂದು ಅಕ್ಷರವನ್ನು ಇಡಬೇಕು. ಸಂಜೆಯೊಳಗೆ ಫ್ಲೆಕ್ಸ್ ಕಟ್ಟಬೇಕಾದವನಿಗೆ ‘ನಿನ್ನ ತೊಂದರೆಗೆ ಕಾಣದ ಸೊನ್ನೆಯೊಂದೇ ಪರಿಹಾರ’ ಎಂದು ಹೇಳಿದರೆ ಅವನು ತನ್ನನ್ನು ಹಾಸ್ಯ ಮಾಡುತ್ತಿದ್ದಾರೆಂದೇ ತಿಳಿಯುತ್ತಾನೆ. ಶರಣರ ನಾಡಿನಲ್ಲಿ ಇದಕ್ಕೆ ಹೆಸರು ಮೊದಲೇ ಇತ್ತು, ಶೂನ್ಯಸಂಪಾದನೆ. ಅದು ಕೀಲಿಮಣೆಯಿಂದಲೂ ಸಾಧ್ಯವೆಂಬುದು ಮಾತ್ರ ತಡವಾಗಿ ತಿಳಿಯಿತು.

ಪರಿಣತರಿಗೂ ಒಂದು ದಿನ ಬರುತ್ತದೆ, ಮತ್ತು ಅದು ಸಾಮಾನ್ಯವಾಗಿ ಮನೆಯಲ್ಲಿ ಮದುವೆ ಗೊತ್ತಾದಾಗ. ಬೆಂಗಳೂರಿನಲ್ಲಿ ನೆಲಸಿ, ಇಪ್ಪತ್ತು ವರ್ಷ ಯುನಿಕೋಡಿನ ಪರವಾಗಿ ವಾದಿಸಿ, ಲಕ್ಷ್ಮೇಶ್ವರದ ಬೇರುಗಳನ್ನು ಮರೆಯದ ಒಬ್ಬ ಹಿರಿಯರು ಮಗಳ ಲಗ್ನಪತ್ರಿಕೆಯನ್ನು ಗದುಗಿನಲ್ಲಿಯೇ ಅಚ್ಚು ಹಾಕಿಸಬೇಕೆಂದು ಬಂದು, ಮೊಬೈಲಿನಲ್ಲಿ ತಾವೇ ಬರೆದು ತಿದ್ದಿದ ಒಕ್ಕಣೆಯನ್ನು ಅಂಗಡಿಯ ಡಿಟಿಪಿ ಹುಡುಗಿಗೆ ಕಳುಹಿಸುತ್ತಾರೆ. ಅವಳು ಅದನ್ನು ತೆರೆದು ಒಂದು ಕ್ಷಣ ನೋಡಿ, “ಇದು ನಮ್ಮ ಪೇಜ್‌ಮೇಕರ್‌ನ್ಯಾಗ ಕೂಡಂಗಿಲ್ರೀ ಸರ, ನುಡಿಯೊಳಗ ಮಾಡ್ಕೊಂಡ ಬರ್ರಿ” ಎಂದು, ಅವರು ತಾವೇ ಇಪ್ಪತ್ತು ವರ್ಷ ಬಳಸಿದ ದನಿಯಲ್ಲಿ ಹೇಳುತ್ತಾಳೆ. ಅವರು ಯುನಿಕೋಡಿನ ಹಿರಿಮೆಯನ್ನು ವಿವರಿಸುತ್ತಾರೆ. ಅವಳು ಕೇಳಿಸಿಕೊಳ್ಳುತ್ತಾಳೆ, ಏಕೆಂದರೆ ಪ್ಲೇಟ್ ಆಗುವವರೆಗೆ ಹೇಗೂ ಬೇರೆ ಕೆಲಸವಿಲ್ಲ. ಕೊನೆಗೆ ಒಂದು ಸಂಕೇತದಿಂದ ಇನ್ನೊಂದಕ್ಕೆ ಬದಲಿಸುವ ಪರಿವರ್ತಕದಲ್ಲಿ ಒಕ್ಕಣೆಯನ್ನು ಹಾಯಿಸಿದಾಗ ಎಲ್ಲವೂ ದಾಟಿ ಬಂದು, ವಧುವಿನ ಹೆಸರಿನ ಒತ್ತು ಮತ್ತು ಅರ್ಕಾವತ್ತು ಮಾತ್ರ ಹೊಳೆಯಲ್ಲಿ ಬಿದ್ದು, ಚಿ. ಸೌ. ಕುಂ. ಅನ್ನಪೂರ್ಣೆಯು ‘ಅನನಪೂರಣಾ’ ಆಗಿ ಈಚೆ ದಡಕ್ಕೆ ಹತ್ತುತ್ತಾಳೆ.

ಅದೊಂದನ್ನು ತಾವೇ ಸರಿಪಡಿಸುವುದಾಗಿ ಹೇಳಿ ಹಿರಿಯರು ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಲಿಪ್ಯಂತರದಲ್ಲಿ ಎರಡು ಸಲ ಒತ್ತುವುದನ್ನಷ್ಟೇ ಬಲ್ಲ ಅವರ ಬೆರಳು ಎನ್ ಕೀಲಿಯನ್ನು ಎರಡು ಸಲ ಒತ್ತುತ್ತದೆ; ಪರದೆಯ ಮೇಲೆ ಎರಡು ‘ನ’ಗಳು ಅಕ್ಕಪಕ್ಕದಲ್ಲಿ ತಣ್ಣಗೆ ನಿಲ್ಲುತ್ತವೆ. ಮೂರನೆಯ ಸಲ ಒತ್ತಿದಾಗ ಮೂರು ನಿಲ್ಲುತ್ತವೆ. ಹಿಂದೆ ಇನ್ನಿಬ್ಬರು ಗಿರಾಕಿಗಳು ಕಾಯುತ್ತಿರುತ್ತಾರೆ. ಹಿರಿಯರು ಕನ್ನಡಕ ಸರಿಮಾಡಿಕೊಂಡು, ಸುತ್ತ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳುತ್ತಾರೆ: “ತಂಗೀ, ಇದಕ್ಕ ಒತ್ತು ಹೆಂಗ ಕೊಡಬೇಕು?”

“ಎಫ್ ಒತ್ರಿ ಸರ” ಎಂದು ಅವಳು ಕಾಗದ ಎಣಿಸುತ್ತಲೇ ಹೇಳುತ್ತಾಳೆ. ನೋಡದೆಯೇ ಬೆರಳಿಗೆ ಗುರುತು ಸಿಗಲೆಂದು ಎಫ್ ಕೀಲಿಯ ಮೇಲೆ ಒಂದು ಸಣ್ಣ ಗೀರು ಉಬ್ಬಿಕೊಂಡಿರುತ್ತದೆ. ಆ ಅಂಗಡಿಯ ಕೀಲಿಮಣೆಯಲ್ಲಿ ಗೀರೂ ಸವೆದಿರುತ್ತದೆ, ಅಕ್ಷರವೂ ಅಳಿಸಿಹೋಗಿರುತ್ತದೆ. ಹಿರಿಯರ ಬೆರಳು ಅತ್ತಿತ್ತ ತಡಕಾಡುವುದನ್ನು ಕಂಡು ಅವಳು ಎಣಿಕೆ ಬಿಟ್ಟು ಬಂದು, ಅವರ ತೋರುಬೆರಳನ್ನು ಹಿಡಿದು ಆ ಕೀಲಿಯ ಮೇಲೆ ಇಡುತ್ತಾಳೆ.